ಪದ ಪರಿಚಯ: ಫ್ಲೂಯಿಡ್ ರೆಸ್ಪಾನ್ಸಿವ್‌ನೆಸ್

ರಕ್ತದೊತ್ತಡ ಕುಸಿದ ರೋಗಿಗೆ ಡ್ರಿಪ್ ಏರಿಸುವುದು ತೀವ್ರ ನಿಗಾ ಘಟಕದಲ್ಲಿ ದಿನ ಬೆಳಗಾದರೆ ನಡೆಯುವ ಕೆಲಸ. ಏರಿಸಿದ್ದು ಉಪಯೋಗಕ್ಕೆ ಬಂತೇ ಎಂದು ಹೇಳುವುದು ಅಷ್ಟು ಸಲೀಸಲ್ಲ. ಸುರಿದ ದ್ರವಕ್ಕೆ ಹೃದಯ ಓಗೊಡುತ್ತದೆಯೇ ಎಂಬ ಆ ಪ್ರಶ್ನೆಗೆ ಇಟ್ಟ ಹೆಸರು ಫ್ಲೂಯಿಡ್ ರೆಸ್ಪಾನ್ಸಿವ್‌ನೆಸ್. ಐಸಿಯು ಮಾತಿನಲ್ಲಿ ಇದು 'ರೆಸ್ಪಾಂಡರ್, ನಾನ್-ರೆಸ್ಪಾಂಡರ್' ಎಂದು ಎರಡೇ ಪದಗಳಿಗೆ ಇಳಿದಿದೆ.

ಸುಮಾರು 500 ಮಿ.ಲೀ. ದ್ರವವನ್ನು 10ರಿಂದ 30 ನಿಮಿಷದೊಳಗೆ ಹಾಯಿಸಿದಾಗ ಹೃದಯ ಪ್ರತಿ ಬಡಿತಕ್ಕೆ ಹೊರಚೆಲ್ಲುವ ರಕ್ತ, ಅಂದರೆ ಸ್ಟ್ರೋಕ್ ವಾಲ್ಯೂಮ್, ಶೇ 10ರಿಂದ 15ರಷ್ಟಾದರೂ ಏರಬೇಕು. ಏರಿದರೆ ರೋಗಿ ರೆಸ್ಪಾಂಡರ್. ಈ ವ್ಯಾಖ್ಯೆಯಲ್ಲಿ ರಕ್ತದೊತ್ತಡದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಸೋಂಕಿಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸಿ ರಕ್ತನಾಳಗಳು ಸಡಿಲಗೊಂಡ ಸೆಪ್ಸಿಸ್‌ನಲ್ಲಿ ಸ್ಟ್ರೋಕ್ ವಾಲ್ಯೂಮ್ ಚೆನ್ನಾಗಿ ಏರಿಯೂ ಬಿಪಿ ಅಲ್ಲಾಡದೆ ಇರಬಹುದು. ಬಿಪಿಯೊಂದನ್ನೇ ನೋಡುತ್ತ ಕೂತವರಿಗೆ ಆಗ ಹೃದಯ ಓಗೊಟ್ಟದ್ದೇ ಗೊತ್ತಾಗುವುದಿಲ್ಲ.

ಹಿಂದಿರುವ ಶರೀರಕ್ರಿಯೆ ಹಳೆಯದು, ಫ್ರಾಂಕ್–ಸ್ಟಾರ್ಲಿಂಗ್ ನಿಯಮ. ಹೃದಯದ ಸ್ನಾಯು ತುಂಬಿಕೊಳ್ಳುವಾಗ ಎಷ್ಟು ಹಿಗ್ಗುತ್ತದೋ ಅಷ್ಟು ಜೋರಾಗಿ ಹಿಂಡುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಗ್ರಾಫ್ ಬರೆದರೆ ಮೊದಲು ಕಡಿದಾದ ಏರು, ಆಮೇಲೆ ಸಪಾಟು. ಏರಿನಲ್ಲಿರುವ ಹೃದಯಕ್ಕೆ ದ್ರವ ಕೊಟ್ಟರೆ ಅದು ಮುಂದಕ್ಕೆ ಹರಿಯುತ್ತದೆ. ಸಪಾಟಿನಲ್ಲಿರುವ ಹೃದಯಕ್ಕೆ ಕೊಟ್ಟದ್ದು ಹಿಂದಕ್ಕೆ ಒತ್ತುತ್ತದೆ: ಶ್ವಾಸಕೋಶದಲ್ಲಿ ನೀರು, ಕಿಡ್ನಿಯ ಅಭಿಧಮನಿಯಲ್ಲಿ ಒತ್ತಡ, ಕರುಳಿನ ಗೋಡೆಯಲ್ಲಿ ಊತ. ರಕ್ತದೊತ್ತಡ ಕುಸಿದ ಐಸಿಯು ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಮಾತ್ರ ರೆಸ್ಪಾಂಡರ್‌ಗಳು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಪರೀಕ್ಷಿಸದೆ ಕೊಡುವ ಬೋಲಸ್ (ಒಮ್ಮೆಗೇ ವೇಗವಾಗಿ ಹಾಯಿಸುವ ದ್ರವ) ನಾಣ್ಯ ಚಿಮ್ಮಿದಂತೆಯೇ.

ಈ ಪದದ ಜೊತೆ ಅಂಟಿಕೊಂಡಿರುವ ದೊಡ್ಡ ತಪ್ಪು ತಿಳಿವಳಿಕೆ ಬೇರೆಯೇ ಇದೆ. ಓಗೊಡುತ್ತದೆ ಎಂದರೆ ಬೇಕು ಎಂದಲ್ಲ. ಆರೋಗ್ಯವಂತರನ್ನು ಮಲಗಿಸಿ ಕಾಲೆತ್ತಿದರೂ ಸ್ಟ್ರೋಕ್ ವಾಲ್ಯೂಮ್ ಏರುತ್ತದೆ; ಹಾಗಂತ ಅವರಿಗೆ ಯಾರೂ ಡ್ರಿಪ್ ಹಾಕುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು, ಅವುಗಳ ಕ್ರಮವೂ ಮುಖ್ಯ. ಅಂಗಾಂಗಗಳಿಗೆ ರಕ್ತ ಸಾಲದೆ ಬಂದಿದೆಯೇ? ಬಂದಿದ್ದರೆ, ದ್ರವ ಕೊಟ್ಟರೆ ಹರಿವು ಹೆಚ್ಚುತ್ತದೆಯೇ? ಹೆಚ್ಚುವುದಾದರೆ, ಆ ಲಾಭಕ್ಕೆ ಶ್ವಾಸಕೋಶ ತೆರುವ ಬೆಲೆ ಎಷ್ಟು? ನಮ್ಮ ಪದ ಉತ್ತರ ಕೊಡುವುದು ನಡುವಿನ ಪ್ರಶ್ನೆಗೆ ಮಾತ್ರ. ಮೊದಲನೆಯದಕ್ಕೆ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ವಸ್ತು), ಮೂತ್ರದ ಪ್ರಮಾಣ, ಮಂಡಿಯ ಮೇಲಿನ ಕಲೆಗಟ್ಟಿದ ಚರ್ಮ, ಕ್ಯಾಪಿಲರಿ ರೀಫಿಲ್ ನೋಡಬೇಕು. ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹರಿವು ಸಾಲದು ಎಂದು ಲೆಕ್ಕ. 2019ರ ಆಂಡ್ರೊಮೆಡಾ-ಶಾಕ್ ಅಧ್ಯಯನ ಈ ಬೆರಳೊತ್ತುವ ಪರೀಕ್ಷೆಯನ್ನು ಲ್ಯಾಕ್ಟೇಟ್‌ಗೆ ಎದುರಾಗಿ ನಿಲ್ಲಿಸಿತು. ಬೆರಳೇನೂ ಸೋಲಲಿಲ್ಲ.

ಪರೀಕ್ಷೆಗಳಲ್ಲಿ ಮೊದಲು ಕೈಬಿಡಬೇಕಾದದ್ದು ಸಿವಿಪಿ. ಕೇಂದ್ರ ಅಭಿಧಮನಿಯ ಒತ್ತಡವನ್ನು ಪಾದರಸದ 8ರಿಂದ 12 ಮಿ.ಮೀ.ಗೆ ತರುವ ಗುರಿ 2001ರಲ್ಲಿ ಇಮ್ಯಾನುಯೆಲ್ ರಿವರ್ಸ್ ಎಂಬ ವೈದ್ಯರು ಪ್ರಕಟಿಸಿದ ಸೆಪ್ಸಿಸ್ ಚಿಕಿತ್ಸೆಯ ಪ್ರೋಟೊಕಾಲ್‌ನೊಂದಿಗೆ ಜಗತ್ತಿನಾದ್ಯಂತ ಹಬ್ಬಿತು. ಒಂದೇ ಸಿವಿಪಿ ಇರುವ ಇಬ್ಬರಲ್ಲಿ ಒಬ್ಬರು ಏರಿನಲ್ಲಿರಬಹುದು, ಇನ್ನೊಬ್ಬರು ಸಪಾಟಿನಲ್ಲಿ. ಅಂಕಿ ನೋಡಿ ಯಾರು ಯಾರೆಂದು ಹೇಳಲಾಗದು. ಆ ಪ್ರೋಟೊಕಾಲನ್ನೇ ಮತ್ತೆ ಒರೆಗೆ ಹಚ್ಚಿದ ಪ್ರೊಸೆಸ್, ಅರೈಸ್, ಪ್ರೊಮಿಸ್ ಅಧ್ಯಯನಗಳಲ್ಲಿ (2014–15) ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಕೈಗೆಟಕುವ ಒಳ್ಳೆಯ ಪರೀಕ್ಷೆ ಪ್ಯಾಸಿವ್ ಲೆಗ್ ರೈಸ್, ಅಂದರೆ ರೋಗಿಯ ಕಾಲಿನ ರಕ್ತವನ್ನೇ ಬೋಲಸ್ ಆಗಿ ಬಳಸುವುದು. ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆ ಬರುತ್ತದೆ, ಕಾಲಿಳಿಸಿದರೆ ಮರಳುತ್ತದೆ. ಒಂದು ಹನಿಯೂ ಹೊರಗಿನಿಂದ ಸೇರಿರುವುದಿಲ್ಲ. ಸುಲಭವೆಂದು ತೋರುವುದರಿಂದಲೇ ಇದನ್ನು ಕೆಡಿಸುವವರೂ ಹೆಚ್ಚು. ಶುರುವಾಗಬೇಕಾದದ್ದು ರೋಗಿ ತಲೆಯ ಕಡೆ 45 ಡಿಗ್ರಿ ಏರಿಸಿದ ಹಾಸಿಗೆಗೆ ಒರಗಿರುವ ಭಂಗಿಯಲ್ಲಿ. ಅಂಗಾತ ಮಲಗಿದವರ ಕಾಲೆತ್ತಿದರೆ ಹೊಟ್ಟೆಯ ಭಾಗದಲ್ಲಿ ನಿಂತ ರಕ್ತ ಲೆಕ್ಕಕ್ಕೆ ಬರುವುದಿಲ್ಲ, ಅರ್ಧ ಪರೀಕ್ಷೆ ಅಲ್ಲೇ ಹೋಯಿತು. ಮೊದಲ ಅಳತೆ ತೆಗೆದುಕೊಂಡು, ಹಾಸಿಗೆಯನ್ನೇ ತಿರುಗಿಸಿ ಮುಂಡ ಸಮತಲಕ್ಕೆ, ಕಾಲು 45 ಡಿಗ್ರಿಗೆ ಬರುವಂತೆ ಮಾಡಬೇಕು. ಕೈಯಿಂದ ಕಾಲು ಹಿಡಿದೆತ್ತಿದರೆ ನೋವು, ಗಾಬರಿ, ಕೆಮ್ಮು ಬಂದು ಅಡ್ರಿನಲಿನ್ ಏರಿ ಸುಳ್ಳು ಉತ್ತರ ಬರುತ್ತದೆ. ಹೃದಯದ ಬಡಿತ ಏಕಾಏಕಿ ಹೆಚ್ಚಾಯಿತೆಂದರೆ ಹೀಗೇ ಆಗಿದೆ ಎಂದು ತಿಳಿಯಿರಿ. ಪರಿಣಾಮ ತುತ್ತತುದಿ ಮುಟ್ಟುವುದು ಒಂದು ನಿಮಿಷದೊಳಗೆ. ಅಳೆಯಲು ಎಕೋ ಯಂತ್ರದ ಪ್ರೋಬ್ ಹುಡುಕುತ್ತ ಮೂರು ನಿಮಿಷ ಕಳೆದವರಿಗೆ ಸಿಗುವುದು ಇಳಿದುಹೋದ ಅಂಕಿ. ಕೊನೆಗೆ ಮೊದಲಿನ ಭಂಗಿಗೆ ತಂದು, ಅಳತೆ ಮೊದಲಿದ್ದಲ್ಲಿಗೇ ಮರಳಿತೇ ಎಂದು ನೋಡಬೇಕು. ಹೊಟ್ಟೆಯೊಳಗಿನ ಒತ್ತಡ ಏರಿದವರಲ್ಲಿ ಈ ಪರೀಕ್ಷೆ ನಂಬುವಂತಿಲ್ಲ. ತಲೆಯೊಳಗಿನ ಒತ್ತಡ ಏರಿದವರಲ್ಲಿ ಮಾಡಲೇಬಾರದು.

ಅಳೆಯುವುದು ಏನನ್ನು? ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಮಹಾಪಧಮನಿಯ ಬುಡದ ವಿಟಿಐ, ಅಂದರೆ ಒಂದು ಬಡಿತದಲ್ಲಿ ರಕ್ತ ಅಲ್ಲಿ ಕ್ರಮಿಸುವ ದೂರ. ಎಡ ಹೃತ್ಕುಕ್ಷಿಯ ಹೊರದಾರಿಯ ವ್ಯಾಸ 2 ಸೆಂ.ಮೀ. ಎಂದಿಟ್ಟುಕೊಳ್ಳಿ, ಅಡ್ಡಕೊಯ್ತದ ವಿಸ್ತೀರ್ಣ 3.14 ಚದರ ಸೆಂ.ಮೀ. ವಿಟಿಐ 16 ಸೆಂ.ಮೀ. ಇದ್ದರೆ ಸ್ಟ್ರೋಕ್ ವಾಲ್ಯೂಮ್ ಸುಮಾರು 50 ಮಿ.ಲೀ. ಕಾಲೆತ್ತಿದಾಗ ವಿಟಿಐ 19 ಆಯಿತೆಂದರೆ 60 ಮಿ.ಲೀ., ಏರಿಕೆ ಶೇ 19, ರೆಸ್ಪಾಂಡರ್. 17 ಆಯಿತೆಂದರೆ ಏರಿಕೆ ಶೇ 6, ಅದು ಅಳತೆಯ ದೋಷವೂ ಆಗಿರಬಹುದು. ವ್ಯಾಸ ಬದಲಾಗುವುದಿಲ್ಲವಾದ್ದರಿಂದ ವಿಟಿಐ ಎರಡನ್ನೇ ಹೋಲಿಸಿದರೂ ಸಾಕು. ಆದರೆ ಪ್ರೋಬ್‌ನ ಕೋನ ಎರಡೂ ಸಲ ಒಂದೇ ಇರಬೇಕು, ಮೂರರಿಂದ ಐದು ಬಡಿತಗಳ ಸರಾಸರಿ ಹಿಡಿಯಬೇಕು. ಎಕೋ ಇಲ್ಲದ ಕಡೆ ಆರ್ಟೀರಿಯಲ್ ಲೈನಿನ (ಅಪಧಮನಿಯೊಳಗೆ ಇಟ್ಟ ಒತ್ತಡ ಅಳೆಯುವ ನಳಿಕೆ) ಪಲ್ಸ್ ಪ್ರೆಶರ್, ಅಂದರೆ ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ, ನೋಡುತ್ತಾರೆ. ಇಲ್ಲದ್ದಕ್ಕಿಂತ ವಾಸಿ, ಅಷ್ಟೆ.

ವೆಂಟಿಲೇಟರ್ ಮೇಲಿರುವವರಿಗೆ ಪಲ್ಸ್ ಪ್ರೆಶರ್ ವೇರಿಯೇಶನ್ ಇದೆ, ಅಂದರೆ ಯಂತ್ರದ ಪ್ರತಿ ಉಸಿರಿನೊಂದಿಗೆ ಆ ಅಂತರ ಎಷ್ಟು ಏರಿಳಿಯುತ್ತದೆ ಎಂಬ ಲೆಕ್ಕ. ಶೇ 13ರ ಆಸುಪಾಸಿಗಿಂತ ಹೆಚ್ಚಿದ್ದರೆ ರೆಸ್ಪಾಂಡರ್. ಮಾನಿಟರ್ ಈ ಅಂಕಿಯನ್ನು ಎಲ್ಲರಿಗೂ ತೋರಿಸುತ್ತದೆ, ಆದರೆ ಅದಕ್ಕೆ ಅರ್ಥ ಬರುವುದು ಕೆಲವರಲ್ಲಿ ಮಾತ್ರ. ರೋಗಿ ಸ್ವಂತ ಉಸಿರೆಳೆಯುತ್ತಿರಬಾರದು, ಬಡಿತ ಲಯಬದ್ಧವಾಗಿರಬೇಕು, ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿಗೆ ಕೊಡುವ ಗಾಳಿ) ಆದರ್ಶ ತೂಕದ ಕೆ.ಜಿ.ಗೆ 8 ಮಿ.ಲೀ. ಆದರೂ ಇರಬೇಕು. ಎಆರ್‌ಡಿಎಸ್‌ನಲ್ಲಿ (ಶ್ವಾಸಕೋಶ ತೀವ್ರವಾಗಿ ಹಾನಿಗೊಂಡ ಸ್ಥಿತಿ) ನಾವು ಕೊಡುವುದೇ 6. ಎದೆಯೊಳಗಿನ ಒತ್ತಡ ಅಷ್ಟು ಏರಿಳಿಯದ ಕಾರಣ, ನಿಜವಾದ ರೆಸ್ಪಾಂಡರ್‌ನಲ್ಲೂ ಅಂಕಿ ಸಣ್ಣದಾಗಿಯೇ ಕಾಣುತ್ತದೆ. ಬಲ ಹೃತ್ಕುಕ್ಷಿ ಸೋತಾಗ ತಿರುವುಮುರುವು: ಅಂಕಿ ದೊಡ್ಡದು, ದ್ರವ ಕೊಟ್ಟರೆ ಅನಾಹುತ.

ಓಗೊಟ್ಟರೂ ಎಷ್ಟು ಹೊತ್ತು? ಸಲೈನ್, ರಿಂಗರ್ ಲ್ಯಾಕ್ಟೇಟ್‌ನಂಥ ಕ್ರಿಸ್ಟಲಾಯ್ಡ್‌ನಿಂದ ಬಂದ ಏರಿಕೆ ಎಷ್ಟೋ ರೋಗಿಗಳಲ್ಲಿ ಗಂಟೆಯೊಳಗೆ ಕರಗುತ್ತದೆ, ದ್ರವ ಮಾತ್ರ ಅಂಗಾಂಶದಲ್ಲಿ ಉಳಿಯುತ್ತದೆ. ಹಿಗ್ಗಿದ ಅಭಿಧಮನಿಗಳಲ್ಲಿ ಸುಮ್ಮನೆ ನಿಂತ ರಕ್ತವನ್ನು ನಾರ್‌ಅಡ್ರಿನಲಿನ್ ಹಿಂಡಿ ಹೃದಯಕ್ಕೆ ಕಳಿಸುವುದರಿಂದ, ಅದನ್ನು ಬೇಗ ಶುರು ಮಾಡಿದರೆ ಬೋಲಸ್‌ನ ಒಂದು ಪಾಲು ಉಳಿಯಬಹುದು.

ಸಂಶೋಧನೆ ಹೇಳುವುದು ಎಲ್ಲ ಕಡೆ ಒಂದೇ ಅಲ್ಲ. 2011ರ ಫೀಸ್ಟ್ ಅಧ್ಯಯನ ಬೆಚ್ಚಿಬೀಳಿಸಿತು. ಉಗಾಂಡಾ, ಕೀನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ 3,141 ಮಕ್ಕಳಲ್ಲಿ, 48 ಗಂಟೆಯೊಳಗಿನ ಸಾವು ಬೋಲಸ್ ಪಡೆದ ಎರಡು ಗುಂಪುಗಳಲ್ಲಿ ಶೇ 10.5ರ ಆಸುಪಾಸು, ಬೋಲಸ್ ಪಡೆಯದವರಲ್ಲಿ ಶೇ 7.3. ಅಲ್ಲಿ ವೆಂಟಿಲೇಟರ್ ಸೌಲಭ್ಯ ಇರಲಿಲ್ಲ, ಮಲೇರಿಯಾ ಮತ್ತು ರಕ್ತಹೀನತೆ ವ್ಯಾಪಕವಾಗಿದ್ದವು. ಹಾಗಾಗಿ ಎಲ್ಲೆಡೆಗೂ ಅನ್ವಯಿಸುವಂತಿಲ್ಲ. ದೊಡ್ಡವರ ಸೆಪ್ಸಿಸ್‌ನಲ್ಲಿ ಕ್ಲಾಸಿಕ್ (2022) ಮತ್ತು ಕ್ಲೋವರ್ಸ್ (2023) ಕಡಿಮೆ ದ್ರವವನ್ನು ಹೆಚ್ಚು ದ್ರವಕ್ಕೆ ಹೋಲಿಸಿದವು: ಕ್ಲಾಸಿಕ್‌ನಲ್ಲಿ 90 ದಿನದ ಸಾವು ಶೇ 42.3 ಮತ್ತು 42.1, ಕ್ಲೋವರ್ಸ್‌ನಲ್ಲಿ ಶೇ 14.0 ಮತ್ತು 14.9. ನಿಜವಾದ ಅಂತರ ಎನ್ನುವಂಥದ್ದು ಎರಡರಲ್ಲೂ ಇಲ್ಲ. ಸೆಪ್ಸಿಸ್ ಮಾರ್ಗಸೂಚಿಯ 'ಮೊದಲ 3 ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ.' ಎಂಬ ಮಾತು, 60 ಕೆ.ಜಿ. ರೋಗಿಗೆ 1,800 ಮಿ.ಲೀ., 2021ರಲ್ಲಿ ಬಲವಾದ ಶಿಫಾರಸಿನಿಂದ ದುರ್ಬಲ ಶಿಫಾರಸಿಗೆ ಇಳಿಯಿತು.

ನಮಗೆ ಹೆಚ್ಚು ಚುಚ್ಚುವುದು 2015ರ ಫೆನಿಸ್ ಸಮೀಕ್ಷೆ. 46 ದೇಶಗಳ 2,213 ರೋಗಿಗಳಿಗೆ ಫ್ಲೂಯಿಡ್ ಚಾಲೆಂಜ್ (ಹೃದಯ ಓಗೊಡುತ್ತದೆಯೇ ಎಂದು ನೋಡಲು ಕೊಡುವ ಬೋಲಸ್) ಕೊಟ್ಟ ರೀತಿಯನ್ನು ಅದು ದಾಖಲಿಸಿತು. ಮೊದಲ ಡೋಸಿಗೆ ರೋಗಿ ಓಗೊಡಲಿ ಬಿಡಲಿ, ಮತ್ತೆ ದ್ರವ ಕೊಟ್ಟ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಉತ್ತರ ಕೇಳಿಸಿಕೊಳ್ಳದಿದ್ದ ಮೇಲೆ ಪ್ರಶ್ನೆ ಕೇಳಿದ್ದಾದರೂ ಏಕೆ?

ಹಾಗಾಗಿ ಆರ್ಡರ್ ಬರೆಯುವಾಗಲೇ ನಿಲ್ಲಿಸುವ ಗೆರೆಯನ್ನೂ ಬರೆಯಬೇಕು. 'ರಿಂಗರ್ ಲ್ಯಾಕ್ಟೇಟ್ 250 ಮಿ.ಲೀ., 10 ನಿಮಿಷ; ಮುಗಿದ ಕೂಡಲೇ ವಿಟಿಐ; ಏರಿಕೆ ಶೇ 10 ದಾಟದಿದ್ದರೆ ಎರಡನೆಯದು ಬೇಡ; ಆಮ್ಲಜನಕದ ಅಗತ್ಯ ಏರಿದರೆ ಅರ್ಧಕ್ಕೇ ನಿಲ್ಲಿಸಿ.' ಸಮಯ ಬರೆಯದ ಆರ್ಡರ್ ಬೋಲಸ್ ಅಲ್ಲ: ಅದೇ 250 ಮಿ.ಲೀ. ಎರಡು ಗಂಟೆ ತೊಟ್ಟಿಕ್ಕಿದರೆ ಹೃದಯಕ್ಕೆ ಹಿಗ್ಗು ತಟ್ಟುವುದೇ ಇಲ್ಲ, ದೇಹಕ್ಕೆ ಹೋದ, ದೇಹದಿಂದ ಬಂದ ದ್ರವದ ಬ್ಯಾಲೆನ್ಸ್ ಶೀಟಿಗೆ ಮಾತ್ರ ಸೇರುತ್ತದೆ.

ಈ ಪದಕ್ಕೆ ಕೆಲಸವೇ ಇಲ್ಲದ ಸನ್ನಿವೇಶಗಳೂ ಇವೆ. ಕಣ್ಣೆದುರೇ ರಕ್ತ ಸೋರುತ್ತಿದ್ದರೆ ಸೋರಿಕೆ ನಿಲ್ಲಿಸಿ ರಕ್ತ ಕೊಡಬೇಕು. ವಾಂತಿ-ಭೇದಿಯಿಂದ ಕಣ್ಣು ಗುಳಿಬಿದ್ದು, ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿದ್ದರೆ, ಕಾಲೆತ್ತಿ ನೋಡುತ್ತ ಕೂರದೆ ಡ್ರಿಪ್ ಬಿಡಬೇಕು.