ಎರಡು ಆಯಾಮದ ಅರೇಗೆ ಒಂದೇ ಮ್ಯಾಲಾಕ್ ಸಾಕು

ಸಿ ಭಾಷೆಯಲ್ಲಿ ಫಂಕ್ಷನ್ ಒಳಗೆ ‘ಇಂಟ್ ಎ[3][4]’ ಅಂತ (3 ಸಾಲು, ಸಾಲಿಗೆ 4 ಪೂರ್ಣಾಂಕಗಳ ಅರೇ) ಬರೆದು, ಕೊನೆಗೆ ‘ರಿಟರ್ನ್ ಎ’ ಅಂದರೆ ಕಂಪೈಲರ್ ಎಚ್ಚರಿಸುತ್ತದೆ. ದಯವಿಟ್ಟು ಕೇಳಿಸಿಕೊಳ್ಳಿ. ಆ ಅರೇ ಇದ್ದದ್ದು ಸ್ಟ್ಯಾಕಿನಲ್ಲಿ, ಅಂದರೆ ಫಂಕ್ಷನ್ ಓಡುವಷ್ಟು ಹೊತ್ತು ಮಾತ್ರ ಅದಕ್ಕೆ ಸಿಗುವ ಮೆಮೊರಿಯಲ್ಲಿ. ಫಂಕ್ಷನ್ ಮುಗಿದ ಕೂಡಲೇ ಆ ಜಾಗ ಬೇರೆಯವರ ಪಾಲು. ಕೆಲವೊಮ್ಮೆ ಹಳೆಯ ಅಂಕಿಗಳೇ ಅಲ್ಲಿ ಕಾಣಿಸಿಬಿಡುತ್ತವೆ, ಮೋಸ ಹೋಗುವುದೇ ಆಗ.

ಹಾಗಾಗಿ ಮ್ಯಾಲಾಕ್: ಫಂಕ್ಷನ್ ಮುಗಿದರೂ, ನಾವೇ ‘ಫ್ರೀ’ ಅಂತ ಬಿಡಿಸುವವರೆಗೆ ಉಳಿಯುವ ಮೆಮೊರಿ ಕೊಡುವ ಫಂಕ್ಷನ್. ಸಾಮಾನ್ಯವಾಗಿ ಹೇಳಿಕೊಡುವ ದಾರಿ ಹೀಗೆ: ಸಾಲುಗಳ ಪಾಯಿಂಟರ್ (ವಿಳಾಸ) ಪಟ್ಟಿಗೆ ಒಂದು ಮ್ಯಾಲಾಕ್, ಆಮೇಲೆ ಪ್ರತಿ ಸಾಲಿಗೂ ಒಂದೊಂದು. ನಾನೂ ವರ್ಷಗಟ್ಟಲೆ ಹಾಗೇ ಬರೆದೆ.

ಒಮ್ಮೆ ಕ್ಯಾಮೆರಾ ಚಿತ್ರಗಳನ್ನು ಓದುವ ಪ್ರೋಗ್ರಾಮ್ ನನ್ನ ಬಳಿ ಬಂತು. ಚಾಲೂ ಮಾಡಿದ ಕೆಲವೇ ನಿಮಿಷಕ್ಕೆ ಮೆಮೊರಿ ಖಾಲಿ. ಚಿತ್ರ 640 ಅಗಲ, 480 ಎತ್ತರ, ಚುಕ್ಕೆಗೊಂದು ಬೈಟ್. ಬರೆದವರು ಹೊಸಬರು, ಕೊನೆಯಲ್ಲಿ ‘ಫ್ರೀ(ಚಿತ್ರ)’ ಅಂತ ಒಂದೇ ಸಲ ಹಾಕಿದ್ದರು. ಬಿಡುಗಡೆಯಾದದ್ದು ಪಾಯಿಂಟರ್ ಪಟ್ಟಿ ಮಾತ್ರ. 480 ಸಾಲುಗಳು ವಿಳಾಸ ಕಳಕೊಂಡು ಹೀಪಿನಲ್ಲೇ (ಮ್ಯಾಲಾಕ್ ಕೊಡುವ ಮೆಮೊರಿಯಲ್ಲೇ) ಉಳಿದವು. ಚಿತ್ರಕ್ಕೆ 3,07,200 ಬೈಟ್, ಸೆಕೆಂಡಿಗೆ 30 ಚಿತ್ರ! ಮೆಮೊರಿ ಸೋರಿಕೆ ಹುಡುಕುವ ವ್ಯಾಲ್‌ಗ್ರಿಂಡ್ ಓಡಿಸಿದಾಗ ಸಾಲುಗಳನ್ನು ಪಡೆದ ಆ ಒಂದು ಗೆರೆಯನ್ನೇ ಬೊಟ್ಟುಮಾಡಿ ತೋರಿಸಿತು.

ಅವರನ್ನು ಬೈಯುವ ಮನಸ್ಸಾಗಲಿಲ್ಲ. ಈ ರಚನೆಯೇ ತಪ್ಪಿಗೆ ದಾರಿ ಮಾಡಿಕೊಡುತ್ತದೆ. 481 ಮ್ಯಾಲಾಕಿಗೆ 481 ಫ್ರೀ ಬೇಕು. ಸಾಲುಗಳು ಮೊದಲು, ಪಟ್ಟಿ ಆಮೇಲೆ. 300ನೇ ಸಾಲಿಗೆ ಮೆಮೊರಿ ಸಿಗದಿದ್ದರೆ ಹಿಂದಿನ 299 ಸಾಲುಗಳನ್ನೂ ಪಟ್ಟಿಯನ್ನೂ ಬಿಡಿಸಿ ‘ನಲ್’ (ಖಾಲಿ ವಿಳಾಸ) ಕೊಡಬೇಕು. ಇಷ್ಟನ್ನೂ ನೆನಪಿಟ್ಟು ಬರೆದವರನ್ನು ನಾನು ನೋಡಿದ್ದು ಕಡಿಮೆ.

ನಾವಿಬ್ಬರೂ ಕೂತು ಅದನ್ನು ಒಂದೇ ತುಂಡಾಗಿಸಿದೆವು. ಅಗಲ ಗುಣಿಸು ಎತ್ತರ, ಅಷ್ಟು ಬೈಟಿಗೆ ಒಂದೇ ಮ್ಯಾಲಾಕ್. ಐನೇ ಸಾಲಿನ ಜೆನೇ ಚುಕ್ಕೆ ಬೇಕೆಂದರೆ ‘ಐ * ಅಗಲ + ಜೆ’. ರಿಟರ್ನ್ ಮಾಡುವುದು ಒಂದು ವಿಳಾಸ, ಪಡೆದವರು ಮಾಡಬೇಕಾದದ್ದು ಒಂದು ಫ್ರೀ. ಸಾಲುಗಳು ಒತ್ತೊತ್ತಾಗಿ ಕೂತಿರುವುದರಿಂದ ಪ್ರೊಸೆಸರಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ಗೂ ಅನುಕೂಲ. ‘ಎ[ಐ][ಜೆ]’ ಅಂತಲೇ ಬರೆಯುವ ಆಸೆಯಿದ್ದರೆ, 1999ರ ಸಿ ಮಾನಕದಲ್ಲಿ ಅವಕಾಶವಿದೆ: ಪಡೆದವರ ಕಡೆ ‘ಅನ್‌ಸೈನ್ಡ್ ಚಾರ್ (*ಎ)[ಅಗಲ]’ ಎಂದು ಘೋಷಿಸಿ ವಿಳಾಸ ಹಿಡಿದುಕೊಳ್ಳಬಹುದು. ಆದರೆ ಓಡುವಾಗಷ್ಟೇ ಗೊತ್ತಾಗುವ ಅಗಲವನ್ನು ಫಂಕ್ಷನ್ನಿನ ರಿಟರ್ನ್ ಟೈಪಿನಲ್ಲಿ ಬರೆಯಲಾಗದು. ಅಲ್ಲಿ ‘ವಾಯ್ಡ್ *’, ಅಂದರೆ ಟೈಪ್ ಹೇಳದ ವಿಳಾಸ, ಕಳಿಸಿ.

ಗುಣಾಕಾರದ ಮೇಲೆ ಒಂದು ಕಣ್ಣಿರಲಿ. ಅಗಲ, ಎತ್ತರ ಎರಡೂ ಇಂಟ್ ಆಗಿದ್ದು ತಲಾ 50,000 ಇದ್ದರೆ ಗುಣಲಬ್ಧ 250 ಕೋಟಿ. 32 ಬಿಟ್ ಇಂಟ್ ಹಿಡಿಯುವುದು 214 ಕೋಟಿ ಚಿಲ್ಲರೆ. ಗುಣಿಸುವ ಮೊದಲೇ ಎರಡನ್ನೂ ಗಾತ್ರ ಹಿಡಿಯಲೆಂದೇ ಇರುವ ‘ಸೈಜ್_ಟಿ’ಗೆ ಬದಲಿಸಿಕೊಳ್ಳಿ.