ಬೆಕ್ಕಿನ ಹೊಟ್ಟೆಹುಳು: ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಪರೀಕ್ಷೆಗೆ ಹುಳುಗಳ ಲ್ಯಾಟಿನ್ ಹೆಸರು ಉರು ಹೊಡೆದರೆ ಸಾಕು. ಎದುರಿಗೆ ಬೆಕ್ಕನ್ನು ತಂದು ಕೂರಿಸಿದಾಗ ಅಷ್ಟು ಸಾಲದು. ಈ ಹುಳು ಹೊಟ್ಟೆ ಸೇರಿದ್ದು ಹೇಗೆ ಅಂತ ಗೊತ್ತಾದರೆ ಯಾವ ಔಷಧ, ಮತ್ತೆ ಬರದ ಹಾಗೆ ಏನು ಮಾಡಬೇಕು ಎರಡೂ ತಿಳಿಯುತ್ತದೆ.

ಮರಿಗಳಲ್ಲಿ ಜಾಸ್ತಿ ಕಾಣುವುದು ದುಂಡುಹುಳು, ಅಂದರೆ ಟಾಕ್ಸೊಕಾರಾ ಕ್ಯಾಟಿ. ಬೆಳ್ಳಗೆ, 3ರಿಂದ 10 ಸೆಂ.ಮೀ. ಉದ್ದ. ವಾಂತಿಯಲ್ಲೋ ಕಕ್ಕದಲ್ಲೋ ಸುರುಳಿ ಸುತ್ತಿಕೊಂಡು ಬೀಳುತ್ತದೆ. ಮರಿಯ ಮೈ ಬಡಕಲು, ಹೊಟ್ಟೆ ಮಾತ್ರ ಡುಬ್ಬಣ್ಣ. ಇದು ತಾಯಿಯ ಹಾಲಿನಲ್ಲೇ ಮರಿಗೆ ದಾಟಬಹುದು. ನಾಯಿಮರಿಗೆ ಗರ್ಭದಲ್ಲೇ ಬರುತ್ತದೆ, ಬೆಕ್ಕಿನ ಮರಿಗೆ ಹಾಗಲ್ಲ, ಇವೆರಡನ್ನು ಕಲಸಿಕೊಳ್ಳಬೇಡಿ. ದೊಡ್ಡ ಬೆಕ್ಕಿಗೆ ಮಣ್ಣಿನಲ್ಲಿರುವ ಮೊಟ್ಟೆಯಿಂದ, ಇಲ್ಲವೇ ಇಲಿ ತಿಂದು ಬರುತ್ತದೆ.

ಕೊಕ್ಕೆಹುಳು ರಕ್ತ ಹೀರುತ್ತದೆ. ಒಸಡು ಬಿಳಿಚಿಕೊಂಡು ಕಕ್ಕ ಕಪ್ಪಾಗಿದ್ದರೆ ಅದರ ಮೇಲೂ ಅನುಮಾನ ಇರಲಿ.

ತಲೆನೋವಿನದು ಲಾಡಿಹುಳು. ಬಾಲದ ಕೆಳಗೆ ಅಕ್ಕಿಕಾಳಿನಂಥದು ಅಂಟಿಕೊಂಡಿರುತ್ತದೆ. ಹತ್ತಿರದಿಂದ ನೋಡಿ, ಅದು ಹಿಗ್ಗುತ್ತ ಕುಗ್ಗುತ್ತ ಹರಿದಾಡುತ್ತದೆ. ಅದು ಇಡೀ ಹುಳುವಲ್ಲ, ಡಿಪಿಲಿಡಿಯಂ ಅನ್ನುವ ಲಾಡಿಹುಳುವಿನಿಂದ ಕಳಚಿದ ಒಂದು ತುಂಡು, ಒಳಗೆಲ್ಲ ಮೊಟ್ಟೆ. ಆ ಮೊಟ್ಟೆಯನ್ನು ದೊಡ್ಡ ಚಿಗಟ ತಿನ್ನುವುದಿಲ್ಲ, ಅದರ ಬಾಯಿ ಇರುವುದೇ ರಕ್ತ ಹೀರಲು. ತಿನ್ನುವುದು ಬೆಕ್ಕು ಮಲಗುವ ಬಟ್ಟೆಯಲ್ಲಿ, ಚಾಪೆ ಸಂದಿಯಲ್ಲಿ ಬೆಳೆಯುವ ಚಿಗಟದ ಮರಿಹುಳು. ಅದು ಚಿಗಟವಾಗಿ ಬೆಕ್ಕಿನ ಮೈ ಏರುತ್ತದೆ. ಬೆಕ್ಕು ಮೈ ನೆಕ್ಕುವಾಗ ಅದನ್ನು ನುಂಗುತ್ತದೆ. ಸುಮಾರು 3 ವಾರಕ್ಕೆ ಬಾಲದ ಕೆಳಗೆ ಮತ್ತೆ ಅಕ್ಕಿಕಾಳು.

"ಮಾತ್ರೆ ಕೊಟ್ಟರೂ ಹುಳು ಹೋಗಲಿಲ್ಲ" ಅನ್ನುವವರ ಮನೆಯಲ್ಲಿ ಎಷ್ಟೋ ಸಲ ಮಾತ್ರೆ ಕೆಲಸ ಮಾಡಿರುತ್ತದೆ, ಚಿಗಟ ಮಾತ್ರ ಹಾಗೇ ಉಳಿದಿರುತ್ತದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯದೆ ಸುಮ್ನೆ ಮಾತ್ರೆ ಹಾಕುತ್ತ ಹೋದರೆ ದುಡ್ಡು ದಂಡ, ಅಲ್ವಾ? ಚಿಗಟಕ್ಕೆ ಅಂತ ನಾಯಿಯ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಲಾಡಿಹುಳುವಿನ ಮೊಟ್ಟೆ ಕಕ್ಕದ ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ವರದಿಯಲ್ಲಿ ಏನೂ ಇಲ್ಲ ಅಂತ ಬಂದರೂ ಬಾಲದ ಕೆಳಗೆ ಕಂಡದ್ದನ್ನೇ ನಂಬಿ.

ದುಂಡುಹುಳು, ಕೊಕ್ಕೆಹುಳುವಿಗೆ ಪೈರಾಂಟೆಲ್. ಅದು ಲಾಡಿಹುಳುವನ್ನು ಏನೂ ಮಾಡುವುದಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಎರಡೂ ಸೇರಿದ ಮಾತ್ರೆಗಳು ಸಿಗುತ್ತವೆ. ಪ್ರಮಾಣ ತೂಕದ ಮೇಲೆ, ಆದ್ದರಿಂದ ಮೊದಲು ಬೆಕ್ಕನ್ನು ತೂಗಿ, ಆಮೇಲೆ ಪಶುವೈದ್ಯರನ್ನು ಕೇಳಿ. ಪ್ರಾಜಿಕ್ವಾಂಟೆಲ್ ಕೊಟ್ಟ ಮೇಲೆ ಹುಳು ಹೊರಗೆ ಬೀಳಲಿಲ್ಲ ಅಂತ ಗಾಬರಿ ಬೇಡ, ಅದು ಕರುಳಲ್ಲೇ ಕರಗಿಹೋಗುತ್ತದೆ.

ಮರಿಗಳಿಗೆ 3ನೇ ವಾರದಿಂದ ಶುರುಮಾಡಿ, ಹಾಲು ಬಿಟ್ಟು 2 ವಾರ ಆಗುವ ತನಕ 2 ವಾರಕ್ಕೊಮ್ಮೆ ದುಂಡುಹುಳುವಿನ ಔಷಧ. ತಾಯಿಗೂ ಜೊತೆಗೇ. ಒಂದೇ ಸಲ ಸಾಲದು, ಯಾಕಂದರೆ ಔಷಧ ಕೊಲ್ಲುವುದು ಕರುಳಿನಲ್ಲಿರುವ ಹುಳುವನ್ನು. ಮೈಯೊಳಗೆ ಇನ್ನೂ ಓಡಾಡುತ್ತಿರುವ ಎಳೆಹುಳು ಆಮೇಲೆ ಕರುಳಿಗೆ ಇಳಿಯುತ್ತದೆ.

ದುಂಡುಹುಳು ಮಕ್ಕಳ ಕಣ್ಣಿಗೂ ಕುತ್ತು ತರಬಲ್ಲದು. ಆದರೆ ಕಕ್ಕದಲ್ಲಿ ಬಿದ್ದ ಮೊಟ್ಟೆ ಕೂಡಲೇ ಅಂಟುವುದಿಲ್ಲ, ಅದು ಬಲಿಯಲು 2ರಿಂದ 4 ವಾರ ಬೇಕು. ಕಕ್ಕದ ಟ್ರೇಯನ್ನು ದಿನಾ ಬಳಿದು ಹಾಕಿದರೆ ಮೊಟ್ಟೆ ಬಲಿಯುವ ಮೊದಲೇ ಮನೆಯಿಂದ ಹೊರಗೆ ಹೋಗುತ್ತದೆ.