ನೋಯದ ಗಂಟು, ಯಾರಿಗೂ ಹೇಳದ ಮಾತು

ಸ್ತನದಲ್ಲಿ ಗಂಟಿದೆಯೆಂದು ಬಂದವರನ್ನು ‘ಇದು ಗೊತ್ತಾಗಿ ಎಷ್ಟು ದಿನವಾಯಿತು?’ ಎಂದು ಕೇಳಿದರೆ ‘ಒಂದು ತಿಂಗಳಾಗಿರಬಹುದು’ ಎಂಬ ಉತ್ತರವೇ ಸಾಮಾನ್ಯವಾಗಿ ಮೊದಲು ಬರುತ್ತದೆ. ಪರೀಕ್ಷೆ ಮುಗಿದು, ಬಟ್ಟೆ ಸರಿಪಡಿಸಿಕೊಂಡು ಕುಳಿತ ಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಕೇಳಿದಾಗ ಆ ಒಂದು ತಿಂಗಳು ಎಂಟು ತಿಂಗಳಾಗುವುದುಂಟು. ಮೊದಲ ಉತ್ತರವನ್ನು ನಾನು ಸುಳ್ಳೆಂದು ಎಣಿಸುವುದಿಲ್ಲ. ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂದು ಬೈಸಿಕೊಳ್ಳಬೇಕಾದೀತೆಂಬ ಅಳುಕು ಅದನ್ನು ಆಡಿಸಿರುತ್ತದೆ.

ಲಕ್ಷಣ ಕಾಣಿಸಿಕೊಂಡು ಮೂರು ತಿಂಗಳಾದರೂ ವೈದ್ಯರನ್ನು ಕಾಣದಿರುವುದನ್ನು ವಿಳಂಬವೆಂದು ಕರೆಯುವ ರೂಢಿ 1938ರಷ್ಟು ಹಳೆಯದು. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ತಡವಾದವರಲ್ಲಿ ಐದು ವರ್ಷ ಬದುಕುಳಿದವರ ಪ್ರಮಾಣ, ಬೇಗ ಬಂದವರಿಗಿಂತ ಶೇ. 12ರಷ್ಟು ಕಡಿಮೆಯಿತ್ತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ, 87 ಅಧ್ಯಯನಗಳನ್ನು ಆಧರಿಸಿದ ವಿಶ್ಲೇಷಣೆ ತೋರಿಸಿತು. ತಡವಾದಷ್ಟೂ ಗಡ್ಡೆ ದೊಡ್ಡದಾಗುವುದು, ಕಂಕುಳಿನ ಗ್ರಂಥಿಗಳಿಗೆ ಹಬ್ಬುವುದು ಇದಕ್ಕೆ ಮುಖ್ಯ ಕಾರಣ.

ಹಾಗಿದ್ದೂ ಏಕೆ ತಡವಾಗುತ್ತದೆ? ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಪಾಲು ನೋಯುವುದಿಲ್ಲ. ನೋವನ್ನೇ ಕಾಯಿಲೆಯ ಗುರುತೆಂದು ನಂಬಿರುವ ನಮಗೆ, ಒತ್ತಿದರೂ ನೋಯದ, ಕೆಲಸಕ್ಕೆ ಅಡ್ಡಿಪಡಿಸದ ಗಂಟು ನಿರುಪದ್ರವಿಯಾಗಿಯೇ ತೋರುತ್ತದೆ. ಗಂಟೇ ಇಲ್ಲದೆ ತೊಟ್ಟು ಒಳಕ್ಕೆ ಸೆಳೆದುಕೊಂಡಿದ್ದರೆ, ಚರ್ಮದಲ್ಲಿ ಗುಳಿ ಬಿದ್ದಿದ್ದರೆ, ತೊಟ್ಟಿನಿಂದ ರಕ್ತ ಒಸರಿದರೆ ಅದನ್ನು ಕ್ಯಾನ್ಸರಿನೊಂದಿಗೆ ಜೋಡಿಸಿ ನೋಡುವವರು ಇನ್ನೂ ಕಡಿಮೆ. ಹಾಲುಣಿಸುತ್ತಿರುವ ತಾಯಿ ಅದನ್ನು ಹಾಲು ಕಟ್ಟಿದ್ದೆಂದುಕೊಳ್ಳುತ್ತಾಳೆ. ಮುಟ್ಟು ನಿಂತು ವರ್ಷಗಳಾದವರು ಈ ವಯಸ್ಸಿನಲ್ಲಿ ಇಂಥದ್ದೆಲ್ಲ ಸಹಜವೆಂದುಕೊಳ್ಳುತ್ತಾರೆ.

ಆದರೆ ತಿಳಿಯದೆ ತಡಮಾಡಿದವರಿಗಿಂತ, ತಿಳಿದೇ ತಡಮಾಡಿದವರು ನನ್ನನ್ನು ಹೆಚ್ಚು ಕಾಡುತ್ತಾರೆ. ಭಯವು ಕೆಲವರನ್ನು ಮರುದಿನವೇ ವೈದ್ಯರ ಬಳಿಗೆ ಓಡಿಸಿದರೆ, ಅದೇ ಭಯ ಇನ್ನು ಕೆಲವರನ್ನು ಮನೆಯೊಳಗೇ ಕಟ್ಟಿಹಾಕುತ್ತದೆ. ಇಂಥವರು ಹೆದರುವುದು ಸಾವಿಗೆ ಮಾತ್ರವಲ್ಲ. ಸ್ತನವನ್ನೇ ತೆಗೆದುಬಿಡುತ್ತಾರೆ, ಕೂದಲು ಉದುರುತ್ತದೆ, ಸೂಜಿ ಚುಚ್ಚಿದರೆ ಕಾಯಿಲೆ ಮೈಯೆಲ್ಲ ಹರಡುತ್ತದೆ, ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಚಿಂತೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಸೂಜಿ ಪರೀಕ್ಷೆಯಿಂದ ಕಾಯಿಲೆ ಹಾಗೆ ಹರಡುವುದಿಲ್ಲ. ಆರಂಭದ ಹಂತದಲ್ಲಿ ಗಡ್ಡೆಯನ್ನಷ್ಟೇ ತೆಗೆಸಿಕೊಂಡು ವಿಕಿರಣ ಚಿಕಿತ್ಸೆ ಪಡೆದವರು, ಇಡೀ ಸ್ತನ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆಂಬುದನ್ನು 2002ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳ ಇಪ್ಪತ್ತು ವರ್ಷಗಳ ಫಲಿತಾಂಶ ದೃಢಪಡಿಸಿದೆ. ಸ್ತನ ಹೋಗುತ್ತದೆಂದು ಹೆದರಿ ದಿನ ದೂಡಿದವರಿಗೆ, ಅದನ್ನು ಉಳಿಸಿಕೊಳ್ಳುವ ಅವಕಾಶವೇ ಆ ದಿನಗಳಲ್ಲಿ ಕೈತಪ್ಪಿಹೋಗಿರುತ್ತದೆ. ಇದನ್ನು ಅವರಿಗೆ ವಿವರಿಸುವಾಗ ಪ್ರತಿ ಸಲವೂ ನನ್ನ ಮಾತು ತಡವರಿಸುತ್ತದೆ.

ತಡವಾದದ್ದಕ್ಕೆಲ್ಲ ಮಹಿಳೆಯನ್ನೇ ಹೊಣೆ ಮಾಡುವುದೂ ತಪ್ಪು. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದು ನಿಜವೇ. ಆದರೆ ಆ ಮಾತನ್ನು ಪರೀಕ್ಷೆಗೆ ಮೊದಲೇ ಹೇಳಿ ಕಳುಹಿಸಿದ ವೈದ್ಯರನ್ನು ನಂಬಿ ವರ್ಷ ಕಳೆದವರನ್ನೂ ನಾನು ನೋಡಿದ್ದೇನೆ. ಮೊದಲ ಭೇಟಿಯಿಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಆ ಗಡುವು ನಮ್ಮಂಥ ವೈದ್ಯರಿಗೆ ಹಾಕಿದ್ದು.

ಗಂಟಿನ ವಿಷಯವನ್ನು ಯಾರಲ್ಲಾದರೂ ಬೇಗ ಹೇಳಿಕೊಂಡವರು ಆಸ್ಪತ್ರೆಗೂ ಬೇಗ ಬರುತ್ತಾರೆಂದು ಅಧ್ಯಯನಗಳು ಹೇಳುತ್ತವೆ. ನನ್ನ ಅನುಭವವೂ ಅದೇ. ಐವತ್ತು ದಾಟಿದ ಒಬ್ಬ ಮಹಿಳೆ ಒಳಉಡುಪಿನೊಳಗೆ ನಾಲ್ಕು ಮಡಿಕೆಯ ಹತ್ತಿಬಟ್ಟೆ ಇಟ್ಟುಕೊಂಡು ಬಂದಿದ್ದರು. ಅದರಡಿಯಲ್ಲಿ ಗಡ್ಡೆ ಒಡೆದು ಹುಣ್ಣಾಗಿತ್ತು. ವಾಸನೆ ಯಾರಿಗೂ ತಿಳಿಯಬಾರದೆಂದು ದಿನಕ್ಕೆ ಮೂರು ಬಾರಿ ಆ ಬಟ್ಟೆಯನ್ನು ತಾವೇ ಒಗೆದು, ಉಳಿದ ಬಟ್ಟೆಗಳ ಕೆಳಗೆ ಒಣಹಾಕಿ, ಒಂದೂವರೆ ವರ್ಷ ಕಳೆದಿದ್ದರು. ಬಟ್ಟೆ ಕಲೆಯಿಲ್ಲದೆ ಶುಭ್ರವಾಗಿತ್ತು. ಇಷ್ಟು ಶಿಸ್ತಿನಿಂದ ಹುಣ್ಣನ್ನು ನೋಡಿಕೊಂಡವರನ್ನು ನಿರ್ಲಕ್ಷ್ಯ ಮಾಡಿದರೆಂದು ಹೇಗೆ ದೂರಲಿ?

‘ಏಕೆ ಬೇಗ ಬರಲಿಲ್ಲ?’ ಎಂಬ ಪ್ರಶ್ನೆಯನ್ನು ನಾನು ಈಗ ಯಾರಿಗೂ ಕೇಳುವುದಿಲ್ಲ. ಅಂದು ಅವರಿಗೂ ಕೇಳಲಿಲ್ಲ. ‘ಇದನ್ನು ಯಾರಿಗಾದರೂ ಹೇಳಿದ್ದೀರಾ?’ ಎಂದೆ. ‘ಇವತ್ತು ನಿಮಗೆ ಹೇಳಿದ್ದೇ ಮೊದಲು’ ಎಂದರು. ಇನ್ನು ಯಾರಿಗೆ ಹೇಳಬಹುದೆಂದು ಕೇಳಿದಾಗ ಬಹಳ ಹೊತ್ತು ಯೋಚಿಸಿ ಅಕ್ಕನ ಹೆಸರು ಹೇಳಿದರು. ನನ್ನ ಎದುರಿನಲ್ಲಿಯೇ ಅವರಿಗೆ ಫೋನ್ ಮಾಡಿದರು. ಬಯಾಪ್ಸಿಗೆಂದು ಮರುದಿನ ಬರುವಾಗ ಇಬ್ಬರೂ ಜೊತೆಯಲ್ಲಿ ಬಂದರು.